ಪಾಡ್‌ಕಾಸ್ಟ್: ಬಾಣಕ್ಕೆ ಯಾವ ಮರ, ಮೊನೆಗೆ ಎಷ್ಟು ಭಾರ?

(ಆಡಿಯೊ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)



ಇವತ್ತಿನ ಮಾತು ನನ್ನ ಎಡಗೈಯಿಂದ ಶುರುವಾಗುತ್ತೆ. ಹೆಬ್ಬೆರಳಿನ ಬುಡದಲ್ಲಿ ಒಂದು ಗಾಯದ ಗುರುತಿದೆ. ನಾಲ್ಕು ಹೊಲಿಗೆ ಬಿದ್ದಿತ್ತು. ಯಾರಾದರೂ ಕೇಳಿದರೆ "ಬಾಣ ತಾಗಿದ್ದು" ಅಂತೀನಿ. ಎಲ್ಲರೂ ನಗ್ತಾರೆ. ಆದರೆ ಅದು ನಿಜ. ಯಾರೋ ಬಿಟ್ಟ ಬಾಣ ಅಲ್ಲ, ನಾನೇ ಮಾಡಿ ನಾನೇ ಬಿಟ್ಟದ್ದು.

ನಾನು ತೀರ್ಥಹಳ್ಳಿ ಕಡೆಯವನು. ಅಪ್ಪ ಬಡಗಿ, ಜೊತೆಗೆ ಸ್ವಲ್ಪ ಅಡಿಕೆ ತೋಟ. ನಾನು ಕೆಲಸಕ್ಕೆ ಅಂತ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ಗೆ ಬಂದೆ. ವಾರದ ಕೊನೆಗೆ ಏನಾದರೂ ಮಾಡೋಣ ಅಂತ ಒಂದು ಬಿಲ್ವಿದ್ಯೆ ಕ್ಲಬ್ಬಿಗೆ ಸೇರಿದೆ. ಅಲ್ಲಿ ಕೆಲವರು ಹಳೇ ಕಾಲದ ಉದ್ದ ಬಿಲ್ಲು, ಅಂದ್ರೆ ಲಾಂಗ್‌ಬೋ ಹಿಡಿದು ಮರದ ಬಾಣ ಬಿಡ್ತಿದ್ದರು. ಕಾರ್ಬನ್ ಬಾಣದ ಸದ್ದೇ ಬೇರೆ, ಮರದ ಬಾಣದ ಸದ್ದೇ ಬೇರೆ. ಅದನ್ನು ಕೇಳಿ ನನಗೆ ಹುಚ್ಚು ಹಿಡೀತು. ಬಡಗಿ ಮಗ, ಒಂದು ಕಡ್ಡಿ ಮಾಡೋಕೆ ಆಗಲ್ವಾ ಅಂತ ಜಂಬ ಬೇರೆ. ಅಂಗಡಿಗೆ ಹೋಗಿ ಗುಂಡನೆಯ ಮರದ ಕಡ್ಡಿಗಳ ಒಂದು ಕಟ್ಟು ತಂದೆ. ಮೊನೆ ಅಂಟಿಸಿದೆ, ಗರಿ ಅಂಟಿಸಿದೆ. ನೋಡೋಕೆ ಸೊಗಸಾಗಿದ್ದವು. ಮೂರನೇ ಬಾಣ ಬಿಲ್ಲಿನಿಂದ ಹೊರಡುವಾಗಲೇ ಎರಡು ತುಂಡಾಯ್ತು. ಹಿಂದಿನ ತುಂಡು ಹೆದೆಯ ಜೋರಿಗೆ ನೇರ ನನ್ನ ಕೈಗೆ ಬಂತು.

ಆ ರಾತ್ರಿ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಬ್ಯಾಂಡೇಜ್ ನೋಡಿ ಮೊದಲು ಗಾಬರಿಯಾದ್ರು. ಆಮೇಲೆ ಮುರಿದ ತುಂಡನ್ನು ಕ್ಯಾಮೆರಾ ಹತ್ತಿರ ಹಿಡಿ ಅಂದ್ರು. ಹಿಡಿದೆ. ಒಂದು ನಿಮಿಷ ನೋಡಿ, "ಅಲ್ಲ ಮಾರಾಯ, ಎಳೆ ಓರೆಯಾಗಿ ಓಡಿ ಹೊರಗೆ ಹೋಗಿದೆ ನೋಡು. ಇಂಥ ಮರದಲ್ಲಿ ಕೊಡಲಿ ಕಾವು ಹಾಕ್ತಾರಾ ಯಾರಾದ್ರೂ?" ಅಂದ್ರು.

ಅಷ್ಟೇ. ಅಪ್ಪ ಜೀವನದಲ್ಲಿ ಬಾಣ ಮಾಡಿದವರಲ್ಲ. ಆದರೆ ಬಾಣದ ಮೊದಲ ಪಾಠ ಅವರೇ ಹೇಳಿಬಿಟ್ಟಿದ್ದರು. ಇವತ್ತು ಆ ಪಾಠ, ಮತ್ತೆ ಅದರ ಮುಂದಿನ ಎರಡು ಪಾಠಗಳನ್ನು ನಿಮ್ಮ ಜೊತೆ ಹಂಚ್ಕೋತೀನಿ.

ಬಾಣ ನೇರ ಹೋಗಲ್ಲ, ಬಳುಕುತ್ತೆ

ಸಿನಿಮಾದಲ್ಲಿ, ಟಿವಿ ಮಹಾಭಾರತದಲ್ಲಿ ಬಾಣ ಕಂಬಿ ಥರ ನೆಟ್ಟಗೆ ಹೋಗುತ್ತೆ. ನಿಜವಾದ ಬಾಣ ಹಾಗಲ್ಲ. ಹಳೇ ಥರದ ಬಿಲ್ಲಿನಲ್ಲಿ ಬಾಣ ಬಿಲ್ಲಿನ ನಡುವೆ ಕೂರಲ್ಲ, ಪಕ್ಕದಲ್ಲಿ ಕೂರುತ್ತೆ. ಹೆದೆ ಮಾತ್ರ ಬಿಲ್ಲಿನ ನಡುಮಧ್ಯಕ್ಕೆ ವಾಪಸ್ ಬರುತ್ತೆ. ಅಂದ್ರೆ ಹೆದೆ ತಳ್ಳೋ ದಾರಿಗೆ ಬಿಲ್ಲೇ ಅಡ್ಡ ನಿಂತಿರುತ್ತೆ. ಹಾಗಾದ್ರೆ ಬಾಣ ಗುರಿಗೆ ಹೇಗೆ ಹೋಗುತ್ತೆ? ಬಿಲ್ಲನ್ನು ಬಳಸಿಕೊಂಡು, ಮೀನಿನ ಥರ ಆ ಕಡೆ ಈ ಕಡೆ ಬಳುಕಿಕೊಂಡು. 1930ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ ಅನ್ನೋ ವಿಜ್ಞಾನಿ ಹೈಸ್ಪೀಡ್ ಕ್ಯಾಮೆರಾ ಇಟ್ಟು ಇದನ್ನು ಚಿತ್ರೀಕರಿಸಿ ತೋರಿಸಿದ್ರು. ಇದಕ್ಕೆ ಆರ್ಚರ್ಸ್ ಪ್ಯಾರಾಡಾಕ್ಸ್ ಅಂತ ಹೆಸರು. ಯೂಟ್ಯೂಬ್‌ನಲ್ಲಿ ಸ್ಲೋಮೋಷನ್ ವಿಡಿಯೊ ಬೇಕಾದಷ್ಟಿವೆ, ಆಮೇಲೆ ನೋಡಿ.

ಹಾಗಾಗಿ ಬಾಣದ ಕಡ್ಡಿ ಎಷ್ಟು ಬಳುಕುತ್ತೆ ಅನ್ನೋದು ಬಹಳ ಮುಖ್ಯ. ತೀರಾ ಗಡುಸಾದ್ರೆ ಬಿಲ್ಲಿಗೆ ತಾಗಿ ಹೊರಗೆ ಸಿಡಿಯುತ್ತೆ. ತೀರಾ ಮೆದುವಾದ್ರೆ ಅತಿಯಾಗಿ ಬಾಗಿ ಇನ್ನೊಂದು ಕಡೆ ಹೋಗುತ್ತೆ, ಇಲ್ಲಾ ಮುರಿಯುತ್ತೆ. ಈ ಬಳುಕಿನ ಅಳತೆಗೆ ಸ್ಪೈನ್ ಅಂತಾರೆ.

ಇದನ್ನು ಮನೆಯಲ್ಲೇ ಅಳೀಬಹುದು. ಒಂದು ಹಲಗೆಗೆ 66 ಸೆಂಟಿಮೀಟರ್ ದೂರದಲ್ಲಿ ಎರಡು ಮೊಳೆ ಹೊಡೀರಿ. ಅವುಗಳ ಮೇಲೆ ಕಡ್ಡಿ ಇಡಿ. ಸರಿಯಾಗಿ ನಡುವಿಗೆ 907 ಗ್ರಾಂ, ಅಂದ್ರೆ ಎರಡು ಪೌಂಡ್ ಭಾರ ನೇತುಹಾಕಿ. ನಾನು ನೀರಿನ ಬಾಟಲಿಯನ್ನೇ ಅಡುಗೆಮನೆ ತಕ್ಕಡಿಯಲ್ಲಿ ಅಷ್ಟಕ್ಕೆ ತೂಗಿ ಇಟ್ಕೊಂಡಿದ್ದೀನಿ. ಕಡ್ಡಿ ಎಷ್ಟು ಮಿಲಿಮೀಟರ್ ಕೆಳಗೆ ಬಾಗ್ತು ನೋಡಿ. 660ನ್ನು ಆ ಸಂಖ್ಯೆಯಿಂದ ಭಾಗಿಸಿ. 16.5 ಮಿಲಿಮೀಟರ್ ಬಾಗಿದ್ರೆ ಸ್ಪೈನ್ 40 ಪೌಂಡ್. 13.2 ಬಾಗಿದ್ರೆ 50 ಪೌಂಡ್. ಕಡಿಮೆ ಬಾಗಿದಷ್ಟೂ ಕಡ್ಡಿ ಗಡುಸು. ಉದ್ದ ಬಿಲ್ಲಿಗೆ ಬಿಲ್ಲಿನ ಎಳೆತದ ಭಾರಕ್ಕೆ ಸಮ ಅಥವಾ ಸ್ವಲ್ಪ ಕಡಿಮೆ ಸ್ಪೈನ್ ಇರೋ ಕಡ್ಡಿಯಿಂದ ಶುರು ಮಾಡೋದು ರೂಢಿ. ನನ್ನ ಬಿಲ್ಲು 40 ಪೌಂಡ್, ಸುಮಾರು 18 ಕಿಲೋ ಎಳೆತದ್ದು. ನಾನು ಶುರು ಮಾಡಬೇಕಿದ್ದದ್ದು 35ರಿಂದ 40ರ ಕಡ್ಡಿಯಲ್ಲಿ. ನಾನು ಅಳೆಯಲೇ ಇಲ್ಲ, ಅದು ಬೇರೆ ಮಾತು.

ಚಪ್ಪಲಿ ಮಾಡೋರಿಗೂ ಸಿಗದ ಮರ

ಈಗ ಮರದ ವಿಷಯ. ನಾನಿರೋ ಊರಲ್ಲೇ ಇದಕ್ಕೆ ಜಗತ್ತಿನಲ್ಲಿ ಬೇರೆಲ್ಲೂ ಸಿಗದಂಥ ಸಾಕ್ಷಿ ಇದೆ. ಎಂಟನೇ ಹೆನ್ರಿ ರಾಜನ ಮೇರಿ ರೋಸ್ ಅನ್ನೋ ಯುದ್ಧನೌಕೆ 1545ರ ಜುಲೈ 19ರಂದು ಇಲ್ಲೇ ಹತ್ತಿರದ ಸಮುದ್ರದಲ್ಲಿ ಮುಳುಗಿತು. 1982ರಲ್ಲಿ ಅದರ ಒಡಲನ್ನು ಮೇಲೆತ್ತಿದರು. ಅದರಲ್ಲಿ 137 ಇಡೀ ಬಿಲ್ಲುಗಳು, 3,500ಕ್ಕೂ ಹೆಚ್ಚು ಬಾಣಗಳು ಸಿಕ್ಕವು. ಕಬ್ಬಿಣದ ಮೊನೆಗಳು ತುಕ್ಕು ಹಿಡಿದು ಕರಗಿ ಹೋಗಿದ್ದವು. ಆದರೆ ಕೆಸರಿನಡಿ ಮರದ ಕಡ್ಡಿಗಳು ಉಳಿದಿದ್ದವು.

ಯಾವ ಮರ ಗೊತ್ತಾ? ಹೆಚ್ಚಿನವು ಪಾಪ್ಲರ್. ಉಳಿದವುಗಳಲ್ಲಿ ಬರ್ಚ್, ಬೀಚ್, ಆಶ್, ಹೇಜಲ್ ಇದ್ದವು.

ಇಲ್ಲೊಂದು ಮಜಾ ಇದೆ. ಅದೇ 1545ರಲ್ಲಿ ರೋಜರ್ ಆ್ಯಸ್ಕಮ್ ಅನ್ನೋ ವಿದ್ವಾಂಸ ಇಂಗ್ಲಿಷಿನಲ್ಲಿ ಬಿಲ್ವಿದ್ಯೆಯ ಬಗ್ಗೆ ಟಾಕ್ಸೊಫಿಲಸ್ ಅನ್ನೋ ಪುಸ್ತಕ ಬರೆದ. ಮುಂದೆ ರಾಣಿ ಒಂದನೇ ಎಲಿಜಬೆತ್ ಆದವಳಿಗೆ ಪಾಠ ಹೇಳಿದ ಮೇಷ್ಟ್ರು ಇವನೇ. ಬಾಣಕ್ಕೆ ಬಳಸೋ 15 ಬಗೆಯ ಮರಗಳನ್ನು ಪಟ್ಟಿ ಮಾಡಿದ್ದಾನೆ. ಯುದ್ಧದ ಬಾಣಕ್ಕೆ ಆಶ್ ಮರವೇ ಒಳ್ಳೇದು, ತೂಕ ಇದೆ, ಪೆಟ್ಟು ಜೋರು ಬೀಳುತ್ತೆ, ಈಗಿನವರು ಮಾತ್ರ ಆಸ್ಪೆನ್‌ನಲ್ಲಿ ಮಾಡ್ತಿದ್ದಾರೆ ಅಂತ ಅವನ ತಕರಾರು. ಆಸ್ಪೆನ್ ಅಂದ್ರೆ ಪಾಪ್ಲರ್ ಕುಲದ್ದೇ ಮರ. ಮೇಷ್ಟ್ರು ಪುಸ್ತಕದಲ್ಲಿ ದೂರಿದ್ದು ನಿಜವೇ ಅನ್ನೋದಕ್ಕೆ ಅದೇ ವರ್ಷ ಮುಳುಗಿದ ಹಡಗು ಸಾಕ್ಷಿ ಹೇಳ್ತು.

ಹಾಗಾದ್ರೆ ಬಾಣ ಮಾಡೋರು ದಡ್ಡರಾಗಿದ್ದರಾ? ಇಲ್ಲ. ಇಂಗ್ಲೆಂಡಿನಲ್ಲಿ 1416ರಲ್ಲಿ ಒಂದು ಕಾನೂನು ಬಂತು. ಕೆಸರಲ್ಲಿ ನಡೆಯೋಕೆ ಹಾಕ್ಕೊಳ್ಳೋ ಮರದ ಪಾದರಕ್ಷೆ ಮಾಡೋರು ಆಸ್ಪೆನ್ ಮರ ಮುಟ್ಟಬಾರದು, ಅದು ಬಾಣಕ್ಕೆ ಮೀಸಲು ಅಂತ. ಅಜಿಂಕೂರ್ ಯುದ್ಧ ನಡೆದದ್ದು ಅದರ ಹಿಂದಿನ ವರ್ಷ, 1415ರಲ್ಲಿ. ಬಾಣಕ್ಕೆ ಬಾರದ ಆಸ್ಪೆನ್ ತುಂಡುಗಳನ್ನಾದರೂ ಬಳಸ್ಕೊಳ್ಳಿ ಅಂತ ಅವರಿಗೆ ಸಡಿಲ ಕೊಟ್ಟದ್ದು ಸುಮಾರು ಐವತ್ತು ವರ್ಷ ಆದ ಮೇಲೆ. ಒಂದು ಮರಕ್ಕಾಗಿ ಸರ್ಕಾರ ಚಪ್ಪಲಿಯವರ ಹೊಟ್ಟೆ ಮೇಲೆ ಹೊಡೆದಿತ್ತು ಅಂದ್ರೆ ಆ ಮರದಲ್ಲಿ ಏನೋ ಇರಬೇಕಲ್ವಾ.

ಏನಿತ್ತು ಅಂದ್ರೆ, ಹಗುರ. ಆಶ್ ಮರ ನೀರಿನ ಮೂರನೇ ಎರಡು ಪಾಲಿನಷ್ಟು ತೂಗುತ್ತೆ. ಆಸ್ಪೆನ್ ಅರ್ಧಕ್ಕಿಂತ ಕಡಿಮೆ. ಕೀಸುಳಿಗೆ ಸುಲಭವಾಗಿ ಬಗ್ಗುತ್ತೆ, ಬೇಗ ಬೆಳೆಯುತ್ತೆ. ಸಾವಿರಗಟ್ಟಲೆ ಬಾಣ ಮಾಡಬೇಕಾದವನಿಗೆ ಇದು ದೊಡ್ಡ ಮಾತು. ಹಗುರ ಬಾಣ ದೂರ ಹೋಗುತ್ತೆ, ಭಾರದ ಬಾಣ ಆಳಕ್ಕೆ ಇಳಿಯುತ್ತೆ. ಆ್ಯಸ್ಕಮ್ ಪೆಟ್ಟು ನೋಡಿದ, ಉಗ್ರಾಣದವರು ಲೆಕ್ಕ ನೋಡಿರಬೇಕು. ಇದು ನನ್ನ ಅಂದಾಜು.

ಈಗಿನ ಕಾಲದಲ್ಲಿ ಮರದ ಬಾಣ ಅಂದ ತಕ್ಷಣ ಎಲ್ಲರ ಬಾಯಲ್ಲಿ ಬರೋದು ಪೋರ್ಟ್ ಆರ್ಫರ್ಡ್ ಸೀಡರ್. ಅಮೆರಿಕದ ಒರೆಗಾನ್, ಕ್ಯಾಲಿಫೋರ್ನಿಯಾ ಗಡಿ ಕಡೆ ಬೆಳೆಯೋ ಮರ. ಹಗುರ, ಎಳೆ ಬಲು ನೇರ, ಕಡಿದಾಗ ಘಂ ಅನ್ನುತ್ತೆ. ಬೇರು ಕೊಳೆಸೋ ಒಂದು ರೋಗ 1950ರ ದಶಕದಿಂದ ಆ ಕಾಡಿಗೆ ಹೊಕ್ಕು ಬಹಳ ಮರ ಸತ್ತಿವೆ. ನಮ್ಮಲ್ಲಿ ಅಡಿಕೆಗೆ ಕೊಳೆರೋಗ ತರೋ ಫೈಟಾಫ್ತೊರಾ ಇದೆಯಲ್ಲ, ಅದೇ ಕುಲದ್ದು. ಇದನ್ನು ಅಪ್ಪನಿಗೆ ಹೇಳಿದಾಗ, "ಅಲ್ಲೂ ಬಂತಾ ಅದು!" ಅಂತ ಸ್ವಲ್ಪ ಹೊತ್ತು ಸುಮ್ಮನಾದ್ರು. ಹೀಗಾಗಿ ಈಗ ಸ್ಪ್ರೂಸ್, ಡಗ್ಲಾಸ್ ಫರ್, ಪೈನ್ ಎಲ್ಲವನ್ನೂ ಬಳಸ್ತಾರೆ. ಮೇಘಾಲಯದಲ್ಲಿ, ಭೂತಾನದಲ್ಲಿ ಬಿದಿರಿನ ಬಾಣವೇ ರೂಢಿ.

ಹೆಸರು ಕೇಳಬೇಡ, ಎಳೆ ನೋಡು

ಆದರೆ ಅಪ್ಪ ಹೇಳೋದು ಒಂದೇ: "ಮರದ ಹೆಸರು ಆಮೇಲೆ ಕೇಳು, ಮೊದ್ಲು ಎಳೆ ನೋಡು."

ಕಡ್ಡಿಯನ್ನು ಬೆಳಕಿಗೆ ಹಿಡೀರಿ. ಎಳೆಯ ಗೆರೆಗಳು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಉದ್ದಕ್ಕೂ ಓಡಬೇಕು. ನಡುವೆ ಓರೆಯಾಗಿ ಪಕ್ಕಕ್ಕೆ ಹೊರಟು ಹೋದ್ರೆ, ಅಲ್ಲಿ ಉದ್ದನೆಯ ವಿ ಆಕಾರದ ಗುರುತು ಕಾಣುತ್ತೆ. ಅದೇ ಮುರಿಯೋ ಜಾಗ. ನನ್ನ ಕಡ್ಡಿಯಲ್ಲಿ ಆ ಗುರುತು ಕೈಬೆರಳಿನಷ್ಟು ಉದ್ದ ಇತ್ತು, ನಾನು ಅದನ್ನು ಡಿಸೈನ್ ಅಂದ್ಕೊಂಡಿದ್ದೆ! ಗಂಟು ಇದ್ದರೆ ಪಕ್ಕಕ್ಕಿಡಿ. ಉಗುರಿನಿಂದ ಒತ್ತಿದಾಗ ಕುಳಿ ಬೀಳೋ ಮೆತ್ತನೆ ಜಾಗ ಇದ್ದರೂ ಬೇಡ. ಸ್ವಲ್ಪ ಡೊಂಕಿದ್ರೆ ಚಿಂತೆ ಇಲ್ಲ, ಬಿಸಿ ಮಾಡಿ ಅಂಗೈಯಿಂದ ಒತ್ತಿ ನೆಟ್ಟಗೆ ಮಾಡಬಹುದು. ಡೊಂಕನ್ನು ತಿದ್ದಬಹುದು, ಎಳೆಯನ್ನು ತಿದ್ದೋಕಾಗಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ಕೈ ಉಳಿಸೋ ವಿಷಯ. ಎಷ್ಟೇ ಆರಿಸಿದರೂ ಒಂದಿಷ್ಟು ಓರೆ ಇದ್ದೇ ಇರುತ್ತೆ. ಹೆದೆಗೆ ಕೂರೋ ಸೀಳು ಕೊರೆಯುವಾಗ ಕಡ್ಡಿಯನ್ನು ಹೀಗೆ ತಿರುಗಿಸಿಕೊಳ್ಳಿ: ವರ್ಷದ ಉಂಗುರಗಳ ಅಂಚು ಬಿಲ್ಲಿನ ಕಡೆಗೆ ಬರಬೇಕು, ಆ ಕಡೆಗೆ ಕಡ್ಡಿ ಹೆಚ್ಚು ಗಡುಸು. ಮೇಲ್ಭಾಗದಲ್ಲಿ ಕಾಣೋ ವಿ ಗುರುತಿನ ಚೂಪು ಗುರಿಯ ಕಡೆಗೆ ತಿರುಗಿರಬೇಕು. ಆಗ ಬಾಣ ಆ ಓರೆಯಲ್ಲಿ ಮುರಿದ್ರೂ ಹಿಂದಿನ ತುಂಡು ಮೇಲಕ್ಕೆ ಜಾರುತ್ತೆ, ಕೈಗೆ ಇಳಿಯಲ್ಲ. ನನ್ನದು ತಲೆಕೆಳಗಾಗಿತ್ತು. ನಾಲ್ಕು ಹೊಲಿಗೆಯ ಪೂರ್ತಿ ಕಥೆ ಅಷ್ಟೇ.

ಮೊನೆಯ ಭಾರ ಮತ್ತು ದೋಟಿಯ ಪಾಠ

ಈಗ ಭಾರಕ್ಕೆ ಬರೋಣ. ಬಾಣದ ಮುಂಭಾಗ ಯಾಕೆ ಭಾರ ಇರಬೇಕು? ಶಟಲ್ ಕಾಕ್ ನೆನಪಿಸ್ಕೊಳ್ಳಿ. ಹೇಗೇ ಹೊಡೀರಿ, ಬಿರಡೆ ಮುಂದೆ ತಿರುಗಿ ಗರಿ ಹಿಂದಾಗುತ್ತೆ. ಭಾರ ಮುಂದಿದ್ದು ಗಾಳಿಯ ತಡೆ ಹಿಂದಿದ್ರೆ, ಹಾರೋ ವಸ್ತು ತನ್ನನ್ನು ತಾನೇ ಸರಿಮಾಡ್ಕೊಳ್ಳುತ್ತೆ. ಬಾಣವೂ ಹಾಗೇ.

ಲೆಕ್ಕ ಸುಲಭ. ಬೆರಳ ಮೇಲೆ ಬಾಣ ಇಟ್ಟು ಸಮತೂಕ ನಿಲ್ಲೋ ಜಾಗ ಗುರುತು ಮಾಡಿ. ಅದು ಕಡ್ಡಿಯ ನಡುವಿನಿಂದ ಎಷ್ಟು ಮುಂದಿದೆ ಅಳೆಯಿರಿ. ಅದನ್ನು ಒಟ್ಟು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ. ಸಾಮಾನ್ಯವಾಗಿ ಶೇ 10ರಿಂದ 15 ಬಂದ್ರೆ ಸರಿ ಅಂತಾರೆ. ನನ್ನ ಬಾಣದ ಲೆಕ್ಕ ಹೇಳ್ತೀನಿ. ಕಡ್ಡಿ 72 ಸೆಂಟಿಮೀಟರ್ ಉದ್ದ, 21 ಗ್ರಾಂ. ಹಿಂದಿನ ಗರಿ ಮತ್ತು ನಾಕ್ ಎರಡೂವರೆ ಗ್ರಾಂ. 8 ಗ್ರಾಂ ಮೊನೆ ಹಾಕಿದಾಗ ಸಮತೂಕ ನಡುವಿನಿಂದ 7 ಸೆಂಟಿಮೀಟರ್ ಮುಂದೆ, ಶೇ 10ಕ್ಕೆ ಸ್ವಲ್ಪ ಕಡಿಮೆ. 12 ಗ್ರಾಂ ಮೊನೆ ಹಾಕಿದ್ರೆ ಶೇ 14 ದಾಟುತ್ತೆ. ನಾಲ್ಕು ಗ್ರಾಂಗೆ ಇಷ್ಟು ವ್ಯತ್ಯಾಸ!

ಅಂಗಡಿಯಲ್ಲಿ ಮೊನೆಯ ತೂಕ ಗ್ರಾಂನಲ್ಲಿ ಇರಲ್ಲ, ಗ್ರೇನ್‌ನಲ್ಲಿರುತ್ತೆ. ಒಂದು ಗ್ರಾಂಗೆ ಹದಿನೈದೂವರೆ ಗ್ರೇನ್. ಮೂಲದಲ್ಲಿ ಅದು ಧಾನ್ಯದ ಕಾಳಿನ ತೂಕ. ನಮ್ಮ ಅಕ್ಕಸಾಲಿಗರು ಗುಲಗಂಜಿಯಲ್ಲಿ ತೂಗ್ತಿದ್ದ ಹಾಗೆ. 125 ಗ್ರೇನ್ ಮೊನೆ ಅಂದ್ರೆ 8 ಗ್ರಾಂ ಚಿಲ್ಲರೆ, ಹೆಚ್ಚುಕಡಿಮೆ 67 ಗುಲಗಂಜಿ.

ಸರಿ, ಭಾರ ಮುಂದಿದ್ರೆ ಒಳ್ಳೇದು ಅಂದ್ರೆ ಸುಮ್ನೆ ಭಾರ ಹಾಕ್ತಾ ಹೋಗೋಣವಾ? ಕೈ ವಾಸಿಯಾದ ಮೇಲೆ ನಾನು ಮಾಡಿದ್ದು ಅದನ್ನೇ. ಎಲ್ಲಾ ಬಾಣ ಬಲಕ್ಕೆ ಹೋದವು. ಕ್ಲಬ್ಬಿನ ಹಿರಿಯರೊಬ್ಬರು ನೋಡಿ, ನಿನ್ನ ಕಡ್ಡಿ ಮೆದುವಾಯ್ತು ಅಂದ್ರು. ಕಡ್ಡಿ ಅದೇ ಅಲ್ವಾ, ಮೊನೆ ತಾನೇ ಬದಲಾದದ್ದು?

ಮತ್ತೆ ಅಪ್ಪನಿಗೆ ಫೋನು. "ದೋಟಿ ಹಿಡಿದಿದ್ಯಲ್ಲೋ ನೀನು," ಅಂದ್ರು. "ಬರೀ ಬಿದಿರು ಎತ್ತಿದ್ರೆ ಎಷ್ಟು ಬಳುಕತ್ತೆ? ತುದಿಗೆ ಕತ್ತಿ ಕಟ್ಟಿ ಎತ್ತಿದ್ರೆ?"

ಅಡಿಕೆ ಕೊಯ್ಯೋ ದೋಟಿ ಗೊತ್ತಿರೋರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಬಿದಿರು ಅದೇ, ತುದಿಗೆ ಭಾರ ಬಂದ ಕೂಡಲೇ ಬಳುಕು ಹೆಚ್ಚು. ಬಾಣದಲ್ಲೂ ಅಷ್ಟೇ. ಹೆದೆ ಹಿಂದಿನಿಂದ ಜೋರಾಗಿ ತಳ್ಳುತ್ತೆ, ಮುಂದಿನ ಭಾರ ಅಲ್ಲಾಡಲ್ಲ ಅಂತ ಹಠ ಹಿಡಿಯುತ್ತೆ, ನಡುವೆ ಸಿಕ್ಕಿದ ಕಡ್ಡಿ ಬಾಗುತ್ತೆ. ಅಂದಾಜು ಲೆಕ್ಕ ಏನಂದ್ರೆ, ಮೊನೆಗೆ 25 ಗ್ರೇನ್, ಅಂದ್ರೆ ಸುಮಾರು 1.6 ಗ್ರಾಂ ಸೇರಿಸಿದರೆ ಕಡ್ಡಿ ಐದು ಪೌಂಡ್‌ನಷ್ಟು ಮೆದುವಾದ ಹಾಗೆ ವರ್ತಿಸುತ್ತೆ. ನಾನು ನಾಲ್ಕು ಗ್ರಾಂ ಸೇರಿಸಿ 40ರ ಕಡ್ಡಿಯನ್ನು 30ರ ಹತ್ತಿರ ಇಳಿಸಿಬಿಟ್ಟಿದ್ದೆ.

ಇವತ್ತಿನ ಮಾತಿನ ತಿರುಳು ಇದೇ. ಮರ ಆರಿಸೋದು ಒಂದು ಕೆಲಸ, ಮೊನೆ ಆರಿಸೋದು ಇನ್ನೊಂದು ಕೆಲಸ ಅಲ್ಲ. ಎರಡೂ ಸೇರಿ ಒಂದೇ ತೀರ್ಮಾನ. ಭಾರದ ಮೊನೆ ಬೇಕು ಅಂದ್ರೆ ಗಡುಸು ಕಡ್ಡಿ ಬೇಕು. ಗಡುಸು ಕಡ್ಡಿಗೆ ಇನ್ನೂ ದಪ್ಪ ಅಥವಾ ಇನ್ನೂ ತೂಕದ ಮರ ಬೇಕು. ಆಗ ಬಾಣ ನಿಧಾನ ಆಗುತ್ತೆ, ಬೇಗ ಇಳಿಯುತ್ತೆ. ಎಲ್ಲೋ ಒಂದು ಕಡೆ ಸಾಕು ಅನ್ನಬೇಕು.

ಹಳಬರು ಈ ಗಂಟನ್ನು ಬೇರೆ ಬೇರೆ ಥರ ಬಿಡಿಸಿದ್ದಾರೆ. ಮೇರಿ ರೋಸ್ ಬಾಣಗಳಲ್ಲಿ ಬಹಳಷ್ಟು ಮುಂದೆ ದಪ್ಪ, ಹಿಂದಕ್ಕೆ ಹೋಗ್ತಾ ಸಣ್ಣ. ಕಡ್ಡಿಯ ಆಕಾರದಲ್ಲೇ ಭಾರವನ್ನು ಮುಂದಕ್ಕೆ ತಂದಿದ್ದಾರೆ. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ ಓಟ್ಜಿ ಅನ್ನೋ ಸುಮಾರು 5,300 ವರ್ಷ ಹಳೆಯ ಮನುಷ್ಯನ ಬತ್ತಳಿಕೆಯಲ್ಲಿ 14 ಬಾಣ ಇದ್ದವು, ಪೂರ್ತಿ ಮುಗಿದದ್ದು ಎರಡೇ. ಕಡ್ಡಿಗಳು ವೈಬರ್ನಮ್ ಅನ್ನೋ ಪೊದೆಗಿಡದ್ದು. ಒಂದು ಬಾಣದ ಮುಂದಿನ ತುಂಡು ಮಾತ್ರ ಡಾಗ್‌ವುಡ್ ಅನ್ನೋ ಬೇರೆ ಗಟ್ಟಿ ಮರದ್ದು. ಈಗಲೂ ಹಗುರ ಕಡ್ಡಿಯ ಮುಂದೆ ಒಂದು ಗೇಣು ಗಟ್ಟಿ ಮರ ಬೆಸೆಯೋ ಪದ್ಧತಿ ಇದೆ. ಮುಂದೆ ಭಾರವೂ ಬರುತ್ತೆ, ಮೊನೆಯ ಹಿಂದೆ, ಅಂದ್ರೆ ಮರದ ಬಾಣ ಸಾಮಾನ್ಯವಾಗಿ ಮುರಿಯೋ ಜಾಗದಲ್ಲೇ ಬಲವೂ ಬರುತ್ತೆ. ಒಂದು ಕಲ್ಲಿಗೆ ಎರಡು ಹಣ್ಣು.

ಮಾಡೋಕೆ ಹೊರಟವರಿಗೆ ನಾಲ್ಕು ಮಾತು

ಕೇಳ್ತಾ ಕೇಳ್ತಾ ಯಾರಿಗಾದ್ರೂ ಕೈ ತುರಿಸ್ತಾ ಇರಬಹುದು. ಅವರಿಗೆ ನಾಲ್ಕೇ ಮಾತು.

ಒಂದು, ಗರಿ ಅಂಟಿಸೋ ಮೊದಲು ಬರೀ ಕಡ್ಡಿಗೆ ಮೊನೆ ಹಾಕಿ ಹತ್ತು ಮೀಟರ್‌ನಿಂದ ಮೆತ್ತನೆ ಗುರಿಗೆ ಬಿಟ್ಟು ನೋಡಿ. ಬಲಗೈಯವರಿಗೆ ಎಡಕ್ಕೆ ಹೋದ್ರೆ ಕಡ್ಡಿ ಗಡುಸು, ಮೊನೆ ಭಾರ ಮಾಡಿ. ಬಲಕ್ಕೆ ಹೋದ್ರೆ ಮೆದು, ಮೊನೆ ಹಗುರ ಮಾಡಿ. ಕಡ್ಡಿ ಗಿಡ್ಡ ಮಾಡಿದ್ರೂ ಗಡುಸಾಗುತ್ತೆ. ಆದರೆ ನೀವು ಎಳೆಯೋ ಉದ್ದಕ್ಕಿಂತ ಗಿಡ್ಡ ಮಾಡಿದ್ರೆ ಮೊನೆ ಕೈಮೇಲೆ ಬಂದು ಕೂರುತ್ತೆ. ಅದು ಯಾವತ್ತೂ ಬೇಡ.

ಎರಡು, ತೀರಾ ಹಗುರ ಬಾಣವೂ ಅಪಾಯ. ಬಿಲ್ಲಿನ ಶಕ್ತಿ ಬಾಣಕ್ಕೆ ಹೋಗದೆ ಬಿಲ್ಲಿನಲ್ಲೇ ಉಳಿದ್ರೆ ಬಿಲ್ಲು ಒಡೆಯುತ್ತೆ. ಮರದ ಬಿಲ್ಲಿಗೆ ಎಳೆತದ ಒಂದು ಪೌಂಡ್‌ಗೆ ಹತ್ತು ಗ್ರೇನ್ ಬಾಣ ಅನ್ನೋದು ಸುರಕ್ಷಿತ ಲೆಕ್ಕ. ನನ್ನ 40 ಪೌಂಡ್ ಬಿಲ್ಲಿಗೆ 26 ಗ್ರಾಂ.

ಮೂರು, ಪ್ರತಿ ಸಲ ಬಿಡೋ ಮುಂಚೆ ಬಾಣವನ್ನು ಮುಖದಿಂದ ದೂರಕ್ಕೆ, ನಾಲ್ಕೂ ದಿಕ್ಕಿಗೆ ನಿಧಾನ ಬಾಗಿಸಿ ನೋಡಿ. ಟಿಕ್ ಅಂತ ಸಣ್ಣ ಸದ್ದು ಬಂದ್ರೂ ಮುರಿದು ಬಿಸಾಕಿ. ಹೊಟ್ಟೆ ಉರಿಯುತ್ತೆ, ಬಿಸಾಕಿ. ಮರದ ಬಾಣವನ್ನು ಕಾಂಪೌಂಡ್ ಬಿಲ್ಲಿನಲ್ಲಿ ಬಿಡಲೇಬೇಡಿ.

ನಾಲ್ಕು, ಹಿಂದೆ ಗಟ್ಟಿ ತಡೆ ಇರೋ ಜಾಗದಲ್ಲಿ, ಕಲಿಸೋರ ಜೊತೆ ಅಭ್ಯಾಸ ಮಾಡಿ. ಪ್ರಾಣಿ ಪಕ್ಷಿ ಕಡೆ ತಿರುಗಿಸಬೇಡಿ, 1972ರ ವನ್ಯಜೀವಿ ಕಾಯ್ದೆ ಇದೆ ಅನ್ನೋದು ನೆನಪಿರಲಿ. ಸ್ಪರ್ಧೆ ಆಸೆ ಇದ್ದವರಿಗೆ ನಮ್ಮ ದೇಶದ ಬಿಲ್ವಿದ್ಯೆ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಅನ್ನೋ ವಿಭಾಗ ಇದೆ. ಅದರಲ್ಲಿ ಬಿದಿರಿನ ಬಿಲ್ಲೇ ಬಳಸೋದು.

ಕಳೆದ ಮಳೆಗಾಲ ಊರಿಗೆ ಹೋಗಿದ್ದೆ. ತೋಟದಲ್ಲಿ ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ಉದ್ದ, ಬಳುಕಲ್ಲ. ಅಪ್ಪನಿಗೂ ಅದು ಇಷ್ಟವೇ, ಸುಳ್ಳು ಹೇಳಲ್ಲ. ಬಿಲ್ಲಿನ ಲೋಕದಲ್ಲೂ ಆದದ್ದು ಅದೇ ಅಲ್ವಾ? ಆದರೂ ಅಪ್ಪ ಕೊಟ್ಟಿಗೆ ಮಾಡಿನಲ್ಲಿ ಸಿಕ್ಕಿಸಿದ್ದ ಒಂದು ಸೀಳು ಮರ ತೆಗೆದು, ಬೆಳಕಿಗೆ ಹಿಡಿದು, ಎಳೆ ನೋಡಿ ನನ್ನ ಕೈಗೆ ಕೊಟ್ಟರು. ಎರಡು ದಿನ ಕೂತು ಇಬ್ಬರೂ ಸೇರಿ ಆರು ಕಡ್ಡಿ ಕೀಸಿದೆವು. ಅಳೆದಾಗ ನಾಲ್ಕು ಒಂದೇ ಸ್ಪೈನ್ ಬಂದವು. ಎರಡನ್ನು ಅಪ್ಪ ಟೊಮೆಟೊ ಗಿಡಕ್ಕೆ ಊರುಗೋಲು ಕೊಟ್ಟರು.

ಆ ನಾಲ್ಕು ಈಗ ನನ್ನ ಬತ್ತಳಿಕೆಯಲ್ಲಿವೆ. ಇಲ್ಲಿಯವರೆಗೆ ಒಂದೂ ಮುರಿದಿಲ್ಲ.

ನಿಮ್ಮ ಮನೆಯಲ್ಲೂ ಮರ ನೋಡಿ ಗುಣ ಹೇಳೋ ಹಿರಿಯರು ಯಾರಾದ್ರೂ ಇದ್ದರೆ, ಈ ವಾರ ಒಂದು ಕಡ್ಡಿ ಹಿಡಿದು ಅವರ ಹತ್ತಿರ ಕೂತ್ಕೊಳ್ಳಿ.